ಸಾಕಿದವನ ಹೆಸರು

ಸಂಶೋಧನೆಗಾಗಿ ಹಳೆಯ ದಾನಪತ್ರಗಳನ್ನು ಓದುವ ನನ್ನನ್ನು ಬಹಳ ಕಾಡಿದ್ದು ಆಸ್ತಿಯೇ ಇಲ್ಲದವನೊಬ್ಬನ ಉಯಿಲು, 1461ರ ‘ಟೆಸ್ಟಮೆಂಟ್’. ಬರೆದವನು ಪ್ಯಾರಿಸ್‌ನ ಕವಿ ಫ್ರಾನ್ಸ್ವಾ ವಿಯೋನ್. ಕಾಲೇಜೊಂದರ ಹಣ ಕದ್ದವನು. 1463ರಲ್ಲಿ ಗಲ್ಲು ತಪ್ಪಿ 10 ವರ್ಷ ಗಡಿಪಾರಾದವನು. ಮುಂದೆ ಅವನ ಸುಳಿವೇ ಇಲ್ಲ.

ಮನೆತನದ ಹೆಸರು ಮೋಂಕೋರ್ಬಿಯೆ. ‘ವಿಯೋನ್’ ಎಂಬುದು ತಂದೆಯಿಲ್ಲದ ಹುಡುಗನನ್ನು ಸಾಕಿ ಓದಿಸಿದ ಪಾದ್ರಿ ಗಿಯೋಮ್ ದ ವಿಯೋನ್‌ನದು. ಕಂಡವರಿಗೆಲ್ಲ ಅಣಕದ ಆಸ್ತಿ ಹಂಚುವ ಕವಿ ಈ ಪಾದ್ರಿಯನ್ನು ತಂದೆಗಿಂತ ಮಿಗಿಲೆಂದು ನೆನೆಯುತ್ತಾನೆ. ಓದು ಬಾರದ ತಾಯಿಗಾಗಿ ಬರೆದ ಪ್ರಾರ್ಥನೆಯ ಕೊನೆಯ ಸಾಲುಗಳ ಮೊದಲಕ್ಷರಗಳಲ್ಲಿ ‘ವಿಯೋನ್’ ಎಂದೇ ಹೆಣೆದಿದ್ದಾನೆ. ಹೆತ್ತವಳ ಪ್ರಾರ್ಥನೆಯಲ್ಲಿ ಸಾಕಿದವನ ಹೆಸರು!

ಕವಿತೆಗಳು 1489ರಲ್ಲಿ ಮೊದಲು ಅಚ್ಚಾದವು. 1533ರಲ್ಲಿ ಕವಿ ಕ್ಲೆಮಾನ್ ಮಾರೋ ಅವನ್ನು ಪರಿಷ್ಕರಿಸಿದ. ಗಿಯೋಮ್ ಎಂಬ ಪಾದ್ರಿಯನ್ನು ಜಗತ್ತು ಇಂದು ನೆನೆಯುವುದು ಈ ಕಳ್ಳನ ದೆಸೆಯಿಂದಲೇ. ಉಯಿಲಿನಲ್ಲಿ ನಿಜವಾಗಿ ಸಂದ ಆಸ್ತಿ ಅದೊಂದೇ ಎನಿಸುತ್ತದೆ ನನಗೆ.