ತಪ್ಪು ಒಪ್ಪುಗಳ ಸಾವಿರ ವರ್ಷ

ನವೆಂಬರ್ ತಿಂಗಳು ಬಂತೆಂದರೆ ಕನ್ನಡಿಗರು ಸೇರುವಲ್ಲೆಲ್ಲ ಫಲಕಗಳು ತೂಗಾಡತೊಡಗುತ್ತವೆ. ಅವುಗಳಲ್ಲಿ ‘ರಾಜ್ಯೋತ್ಸವ’ವು ‘ರಾಜ್ಯೋಸ್ತವ’ವಾಗಿ, ‘ಶುಭಾಶಯ’ವು ‘ಶುಭಾಷಯ’ವಾಗಿ ಕುಳಿತಿರುವುದನ್ನು ಕಂಡು ಮೈ ಉರಿಯದವರು ವಿರಳ. ಸಭೆಯಲ್ಲಿ ಯಾರಾದರೂ ‘ಶಾಲೆ’ಗೆ ‘ಸಾಲಿ’ ಎಂದರೆ ಹಿಂದಿನ ಸಾಲಿನಲ್ಲಿ ನಗೆಯೇಳುವುದೂ ಉಂಟು. ಈ ಸಿಟ್ಟಿಗೂ ಈ ನಗೆಗೂ ಸಾವಿರ ವರ್ಷಕ್ಕೆ ಮೀರಿದ ಇತಿಹಾಸವಿದೆ. ಅದನ್ನರಿತರೆ ಯಾವುದನ್ನು ತಿದ್ದಬೇಕು, ಯಾವುದಕ್ಕೆ ನಗಬಾರದು ಎಂಬ ವಿವೇಕ ಮೂಡೀತು.

ನಮಗೆ ದೊರೆತಿರುವ ಮೊದಲ ಕನ್ನಡ ಗ್ರಂಥ ‘ಕವಿರಾಜಮಾರ್ಗ’ವು ಸುಮಾರು ಕ್ರಿ.ಶ. 850ರಲ್ಲಿ, ರಾಷ್ಟ್ರಕೂಟ ದೊರೆ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿತು. ಅದರ ಮೊದಲನೆಯ ಪರಿಚ್ಛೇದದ ಮುಖ್ಯ ವಿಷಯವೇ ದೋಷ, ಅದೋಷಗಳ ನಿರ್ಣಯ. ಸಂಸ್ಕೃತ ಕನ್ನಡ ಪದಗಳನ್ನು ಅರಿಯದೆ ಸಮಾಸಮಾಡುವುದು ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಬೆರಸಿದಂತೆ ಎಂದು ಅದು ಜರೆಯುತ್ತದೆ. ಆದರೆ ಸೀಮೆಸೀಮೆಗೆ ಕನ್ನಡವು ಬೇರೆಯಾಗಿರುವುದರಿಂದ, ದೋಷವಿಷ್ಟೇ ಎಂದು ಎಣಿಸಹೊರಟರೆ ಸರ್ಪರಾಜ ವಾಸುಕಿಗೂ ಬೇಸರವಾದೀತೆಂದು ಅದೇ ಗ್ರಂಥವು ಒಪ್ಪಿಕೊಳ್ಳುತ್ತದೆ!

ಅನಂತರ ಸುಮಾರು 1260ರಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ವನ್ನು ರಚಿಸಿದನು. ಆ ವೇಳೆಗೆ ‘ೞ’ ಎಂಬ ಹಳೆಯ ಅಕ್ಷರವು ಜನರ ಬಾಯಲ್ಲಿ ‘ಳ’ಕಾರದೊಡನೆ ಬೆರೆತುಹೋಗುತ್ತಿತ್ತು. ಯಾವ ಯಾವ ಮಾತಿನಲ್ಲಿ ‘ೞ’ ಬರಬೇಕೆಂಬುದನ್ನು ಆತನು ಪಟ್ಟಿಮಾಡಿಯೇ ಕೊಟ್ಟನು. ಜನರು ಕೇಳಲಿಲ್ಲ. ‘ಱ’ಕಾರದ ಗತಿಯೂ ಹಾಗೆಯೇ ಆಯಿತು.

ಬ್ಯಾಂಕಿನಲ್ಲಿ ಚೆಕ್ಕಿನ ಮೇಲೆ ಮೊಬಲಗನ್ನು ಅಕ್ಷರದಲ್ಲಿ ಬರೆಯುವ ಪದ್ಧತಿಯುಂಟು. ಆರು, ಏಳು, ಹತ್ತು, ನೂರು, ಸಾವಿರ ಎಂದು ನಾವು ನಿಸ್ಸಂಕೋಚವಾಗಿ ಬರೆಯುತ್ತೇವೆ. ಹಳಗನ್ನಡದ ಲೆಕ್ಕದಲ್ಲಿ ಈ ಐದೂ ತಪ್ಪು! ಅವು ಆಱು, ಏೞು, ಪತ್ತು, ನೂಱು, ಸಾಸಿರ ಎಂದಿರಬೇಕಾಗಿತ್ತು. ಒಂದು ಕಾಲದ ಅಶುದ್ಧವೇ ಇನ್ನೊಂದು ಕಾಲದ ಶುದ್ಧವಾಯಿತು. ಇನ್ನು ‘ಸಾಲಿ’ಯ ಮಾತು. ಸಂಸ್ಕೃತದ ಶಕಾರ ಷಕಾರಗಳು ಕನ್ನಡಕ್ಕೆ ಬಂದಾಗ ಸಕಾರವಾಗುವುದನ್ನು ಕೇಶಿರಾಜನೇ ಅಪಭ್ರಂಶ ಪ್ರಕರಣದಲ್ಲಿ ನಿಯಮವಾಗಿ ಹೇಳಿದ್ದಾನೆ. ಹಿಂದಿನ ಸಾಲಿನವರು ನಕ್ಕದ್ದು ವ್ಯಾಕರಣಸಮ್ಮತವಾದ ಮಾತಿಗೆ!

ಲೇಖನ ಚಿಹ್ನೆಗಳ ಕಥೆ ಬೇರೆ. ಶಾಸನಗಳಲ್ಲಿಯೂ ತಾಳೆಗರಿಗಳಲ್ಲಿಯೂ ಪದಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತಿದ್ದವು. ನಿಲ್ಲಿಸಬೇಕಾದಲ್ಲಿ ಬಹುಮಟ್ಟಿಗೆ ಒಂದು ಗೀಟು ಸಾಕಾಗುತ್ತಿತ್ತು. ಉಳಿದದ್ದನ್ನು ಓದುವವನ ಉಸಿರೂ ಛಂದಸ್ಸೂ ನೋಡಿಕೊಳ್ಳುತ್ತಿದ್ದವು. 1843ರಲ್ಲಿ ಮಂಗಳೂರಿನಲ್ಲಿ ಹರ್ಮನ್ ಮೋಗ್ಲಿಂಗರ ‘ಮಂಗಳೂರ ಸಮಾಚಾರ’ವು ಕಲ್ಲಚ್ಚಿನಲ್ಲಿ ಹೊರಟಿತು. ಪತ್ರಿಕೆ, ಶಾಲಾಪುಸ್ತಕಗಳು ಬೆಳೆದಂತೆ ಜನರು ಬಾಯಿಬಿಡದೆ ಕಣ್ಣಿನಿಂದಲೇ ಓದತೊಡಗಿದರು. ಆಗ ಇಂಗ್ಲಿಷಿನಿಂದ ಬಂದ ಅಲ್ಪವಿರಾಮ, ಪ್ರಶ್ನಾರ್ಥಕ ಮುಂತಾದುವು ಕನ್ನಡದಲ್ಲಿ ನೆಲೆಯೂರಿದವು. ಇವು ಹೊಸ ನೆಂಟರೆಂದು ಅಲಕ್ಷ್ಯಮಾಡುವಂತಿಲ್ಲ. ‘ಹಣ ಕೊಡಿ ಇಂದು ಬೇಡ ನಾಳೆ’ ಎಂಬ ಚೀಟಿಯನ್ನು ನೋಡಿರಿ. ಸಾಲ ಕೊಟ್ಟವನು ‘ಹಣ ಕೊಡಿ ಇಂದು, ಬೇಡ ನಾಳೆ’ ಎಂದು ಓದಿದರೆ, ಸಾಲಗಾರನು ‘ಹಣ ಕೊಡಿ, ಇಂದು ಬೇಡ, ನಾಳೆ’ ಎಂದು ಓದಿ ಸುಖವಾಗಿ ಮಲಗುತ್ತಾನೆ!

ಆದುದರಿಂದ ತಪ್ಪುಗಳಲ್ಲಿ ಎರಡು ಬಗೆ. ಒಂದು ಸೀಮೆಯವರೆಲ್ಲ ಒಂದೇ ರೀತಿ ನುಡಿಯುವುದು ತಪ್ಪಲ್ಲ, ಅದು ಭಾಷೆಯ ನಡಿಗೆ. ಅರ್ಥವನ್ನೇ ಕೆಡಿಸುವ ಬರವಣಿಗೆ ಮಾತ್ರ ನಿಜವಾದ ತಪ್ಪು. ಧನವಿರುವಲ್ಲಿ ‘ದನ’ ಬಂದರೆ ಲೆಕ್ಕವೇ ಬದಲಾಗುತ್ತದೆ. ‘ಆಷಯ’ ಎಂಬ ಮಾತಂತೂ ಯಾವ ಸೀಮೆಯ ಕನ್ನಡದಲ್ಲಿಯೂ ಇಲ್ಲ.

ಮುಂಬಯಿಯಂಥ ನಗರದಲ್ಲಿ ಈ ವಿವೇಕವು ಹೆಚ್ಚು ಅವಶ್ಯ. ಇಲ್ಲಿ ಮಂಗಳೂರು, ಧಾರವಾಡ, ಕಲಬುರಗಿ, ಮೈಸೂರುಗಳ ಕನ್ನಡಗಳು ಒಂದೇ ಸೂರಿನಡಿ ಸೇರುತ್ತವೆ. ನಮ್ಮ ಮಕ್ಕಳು ಕಲಿಯುವುದು ಹೆಚ್ಚಾಗಿ ಇಂಗ್ಲಿಷಿನಲ್ಲಿ, ಬೀದಿಯಲ್ಲಿ ಆಡುವುದು ಮರಾಠಿ, ಹಿಂದಿ. ತಡವರಿಸುತ್ತ ನಾಲ್ಕು ಕನ್ನಡ ಮಾತನಾಡುವ ಮಗುವನ್ನು ನೋಡಿ ನಕ್ಕೆವೆಂದರೆ, ಆ ಬಾಯಿ ಮತ್ತೆ ಕನ್ನಡಕ್ಕೆ ತೆರೆಯುವುದು ಕಷ್ಟ. ಹತ್ತು ತಪ್ಪುಗಳುಳ್ಳ ಕನ್ನಡವನ್ನು ತಿದ್ದಬಹುದು, ಆಡದ ಕನ್ನಡವನ್ನು ತಿದ್ದುವುದೆಂತು?

ಫಲಕವು ಅಚ್ಚಿಗೆ ಹೋಗುವ ಮುನ್ನ ಬಲ್ಲವರೊಬ್ಬರಿಗೆ ತೋರಿಸೋಣ. ಮಕ್ಕಳನ್ನು ಮಾತ್ರ ಮೊದಲು ಮಾತನಾಡಗೊಡೋಣ, ತಿದ್ದುವುದು ಆಮೇಲೆ ಇದ್ದೇ ಇದೆ.