ಎಣ್ಣೆಯುಂಡು ಬದುಕುವ ಮಣ್ಣಿನ ಬ್ಯಾಕ್ಟೀರಿಯಾ

ಡೀಸೆಲ್ ಹೇರಳವಾಗಿ ಚೆಲ್ಲಿದ ಜಾಗದಲ್ಲಿ ಹುಲ್ಲು ಸಾಯುತ್ತದೆ. ಆದರೆ ಅದೇ ಮಣ್ಣಿನೊಳಗೆ ಎಣ್ಣೆಯನ್ನೇ ಆಹಾರ ಮಾಡಿಕೊಳ್ಳಬಲ್ಲ ಬ್ಯಾಕ್ಟೀರಿಯಾಗಳ ಪಾಲು ಹೆಚ್ಚುತ್ತಾ ಹೋಗುತ್ತದೆ. ಇಂಥ ಜೀವಿಗಳ ಸುಳಿವು ಸಿಕ್ಕಿದ್ದು 1895ರಲ್ಲಿ. ಪ್ಯಾರಾಫಿನ್ ಮೇಣದ ತೆಳುಪದರವನ್ನು ತೂರಿ ಬೆಳೆಯುವ ಶಿಲೀಂಧ್ರವೊಂದನ್ನು ಜಪಾನಿನ ಮಿಯೋಶಿ ಆಗ ವರದಿ ಮಾಡಿದರು. 1946ರಲ್ಲಿ ಅಮೆರಿಕದ ಕ್ಲಾಡ್ ಝೋಬೆಲ್ ಬರೆದ ಸಮೀಕ್ಷೆಯ ಹೊತ್ತಿಗೆ ಈ ಶಕ್ತಿಯುಳ್ಳ ಸುಮಾರು ನೂರು ಪ್ರಭೇದಗಳು ಪಟ್ಟಿಗೆ ಸೇರಿದ್ದವು.

ಬ್ಯಾಕ್ಟೀರಿಯಾ ಮೊದಲು ಆಕ್ಸಿಜನೇಸ್ ಕಿಣ್ವದ ನೆರವಿನಿಂದ ಹೈಡ್ರೋಕಾರ್ಬನ್ನಿಗೆ ಆಮ್ಲಜನಕ ಸೇರಿಸುತ್ತದೆ. ಉದ್ದ ಸರಪಳಿಯ ಆಲ್ಕೇನ್ ಹೀಗೆ ಕೊಬ್ಬಿನ ಆಮ್ಲವಾಗುತ್ತದೆ. ಆಮೇಲೆ ಅದನ್ನು ಎರಡೆರಡು ಇಂಗಾಲದ ತುಂಡುಗಳಾಗಿ ಕತ್ತರಿಸಿ ಉಣ್ಣುವುದು ಅದಕ್ಕೆ ಸಲೀಸು. ಆದರೆ ಎಣ್ಣೆಯಲ್ಲಿ ಇಂಗಾಲ ಧಾರಾಳ, ಸಾರಜನಕ ಅತ್ಯಲ್ಪ, ರಂಜಕ ಇಲ್ಲವೆನ್ನುವಷ್ಟು ಕಡಿಮೆ. ಸೋರಿಕೆಯಾದ ನೆಲದಲ್ಲಿ ಈ ಜೀವಿಗಳು ಸೋಲುವುದು ಹೆಚ್ಚಾಗಿ ಇಲ್ಲೇ.

ಇದನ್ನು ಅರಿತು ಕೆಲಸಕ್ಕಿಳಿದವರು ರಿಚರ್ಡ್ ರೇಮಂಡ್. 1972ರಲ್ಲಿ ಪೆನ್ಸಿಲ್ವೇನಿಯದ ಆಂಬ್ಲರ್‌ನಲ್ಲಿ ಪೈಪ್‌ಲೈನಿನಿಂದ ಪೆಟ್ರೋಲ್ ಸೋರಿ ಅಂತರ್ಜಲ ಕೆಟ್ಟಾಗ, ಅವರ ತಂಡ ನೆಲದೊಳಕ್ಕೆ ಗಾಳಿಯನ್ನೂ ಪೋಷಕ ಲವಣಗಳನ್ನೂ ಹರಿಸಿತು. ಹೊರಗಿನ ಬ್ಯಾಕ್ಟೀರಿಯಾ ಬೇಕಾಗಲಿಲ್ಲ.

ಜಗತ್ತಿನ ಕಣ್ಣು ಬಿದ್ದದ್ದು ಮಾತ್ರ ಬೇರೊಂದು ದಾರಿಯ ಮೇಲೆ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದ ಭಾರತೀಯ ಮೂಲದ ಆನಂದ ಚಕ್ರವರ್ತಿ, ಎಣ್ಣೆಯ ಬೇರೆಬೇರೆ ಅಂಶಗಳನ್ನು ಒಡೆಯುವ ಶಕ್ತಿ ಕೊಡುವ ಪ್ಲಾಸ್ಮಿಡ್‌ಗಳನ್ನು (ಪುಟ್ಟ ಡಿಎನ್‌ಎ ಉಂಗುರಗಳನ್ನು) ಒಂದೇ ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾದಲ್ಲಿ ಕೂಡಿಸಿದರು. 1980ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 5-4ರ ಬಹುಮತದಿಂದ ಅದಕ್ಕೆ ಪೇಟೆಂಟ್ ಅರ್ಹತೆ ಎತ್ತಿಹಿಡಿಯಿತು. ಜೈವಿಕ ತಂತ್ರಜ್ಞಾನದ ಇತಿಹಾಸವನ್ನೇ ತಿರುಗಿಸಿದ ಆ ಜೀವಿ ಎಣ್ಣೆ ಚೆಲ್ಲಿದ ಯಾವ ನೆಲಕ್ಕೂ ಇಳಿಯಲಿಲ್ಲ. 1989ರಲ್ಲಿ ಎಕ್ಸಾನ್ ವಾಲ್ಡೀಸ್ ಹಡಗಿನಿಂದ ಸುಮಾರು 37,000 ಟನ್ ಕಚ್ಚಾತೈಲ ಅಲಾಸ್ಕಾದ ಸಮುದ್ರಕ್ಕೆ ಹರಿದಾಗಲೂ ದಡಗಳಿಗೆ ಹಾಕಿದ್ದು ಗೊಬ್ಬರವನ್ನೇ. ಎಣ್ಣೆ ಒಡೆಯುವ ವೇಗ ಅದರಿಂದ ಹೆಚ್ಚಿತು.

ಭಾರತದಲ್ಲಿ ದೆಹಲಿಯ ಟೆರಿ ಸಂಸ್ಥೆ, ಎಣ್ಣೆ ಬಿದ್ದ ಜಾಗಗಳಿಂದಲೇ ಹೆಕ್ಕಿದ ಬ್ಯಾಕ್ಟೀರಿಯಾಗಳ ಮಿಶ್ರಣವನ್ನು ‘ಆಯಿಲ್‌ಝಾಪರ್’ ಹೆಸರಿನಲ್ಲಿ ರೂಪಿಸಿ ತೈಲಾಗಾರಗಳ ಕೆಸರಿಗೆ ಬಳಸಿತು. ನಮ್ಮವರು ಇನ್ನಷ್ಟು ಹೆಮ್ಮೆಯಿಂದ ನೆನೆಯಬೇಕಾದದ್ದು ಬೆಂಗಳೂರಿನ ಪೆಟ್ರೋಲ್ ಬಂಕಿನ ಮಣ್ಣಿನಲ್ಲಿ ಸಿಕ್ಕ ಸಿಎಸ್‌ವಿ86 ತಳಿಯನ್ನು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎಸ್. ವೈದ್ಯನಾಥನ್ ಅವರ ತಂಡ 1990ರ ದಶಕದಲ್ಲಿ ಅದನ್ನು ಅಭ್ಯಸಿಸಿತು. ಗ್ಲೂಕೋಸ್ ಎದುರಿಗಿದ್ದರೂ ನ್ಯಾಫ್ತಲೀನ್‌ನಂಥ ವಸ್ತುಗಳನ್ನೇ ಅದು ಮೊದಲು ಬಳಸುತ್ತದೆ! ಈಚೆಗೆ ಅದಕ್ಕೆ ‘ಸ್ಯೂಡೋಮೊನಾಸ್ ಭಾರತಿಕಾ’ ಎಂಬ ಹೆಸರು ಬಂದಿದೆ.

ಹಲವು ಉಂಗುರಗಳ ಭಾರವಾದ ಅಣುಗಳು, ಡಾಂಬರಿನಂಥ ಆಸ್ಫಾಲ್ಟೀನ್‌ಗಳು ಇಂದಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಗಾಳಿಯಾಡದ ಜೇಡಿಮಣ್ಣಿನಲ್ಲಂತೂ ಕೆಲಸ ಬಲು ನಿಧಾನ. ಹಾಗಾಗಿ ಎಣ್ಣೆ ಕೂತ ನೆಲವನ್ನು ಶುಚಿಗೊಳಿಸಲು ಹೊರಟವರಲ್ಲಿ ಒಂದು ಕೋರಿಕೆ: ಬ್ಯಾಕ್ಟೀರಿಯಾ ಕೊಳ್ಳುವ ಮೊದಲು ಆ ಮಣ್ಣಿನ ತೇವ, ಗಾಳಿ, ಸಾರಜನಕ, ರಂಜಕಗಳನ್ನು ಪರೀಕ್ಷೆ ಮಾಡಿಸಿ.