ಸೂಜಿಗೆ ಹೂಂ, ಕ್ಯಾಂಪಿಗೆ ಒಲ್ಲೆ: ದಕ್ಷಿಣ ಧಾರವಾಡದಲ್ಲಿ ಆರೋಗ್ಯ ಸುಧಾರಣೆ ಮತ್ತು ಜನರ ಪ್ರತಿರೋಧ

1898ರ ನಕಾಶೆಯಲ್ಲಿ ಹಾವೇರಿ ಜಿಲ್ಲೆ ಇಲ್ಲ. ಹಾನಗಲ್ಲು ಆಗ ಮುಂಬಯಿ ಇಲಾಖೆಗೆ ಸೇರಿದ ಧಾರವಾಡ ಜಿಲ್ಲೆಯ ಒಂದು ತಾಲೂಕು. ಶಿಗ್ಗಾಂವಿಯಲ್ಲಿದ್ದದ್ದು ಬಂಕಾಪುರ ತಾಲೂಕಿನ ಕಚೇರಿ, ಹಿರೇಕೆರೂರಿನಲ್ಲಿದ್ದದ್ದು ಕೋಡ ತಾಲೂಕಿನದು. ಸವಣೂರು ನವಾಬರ ಪುಟ್ಟ ಸಂಸ್ಥಾನ. ಧಾರವಾಡದ ಕಲೆಕ್ಟರರ ಮೇಲ್ವಿಚಾರಣೆ ಇದ್ದರೂ ಆಡಳಿತ ಬೇರೆ. ಆಳುವವರು ಬೇರೆಬೇರೆಯಾದರೂ ಪೇಟೆ ಒಂದೇ. ಹತ್ತಿ, ಭತ್ತ, ಸವಣೂರಿನ ವೀಳ್ಯದೆಲೆ ಎಲ್ಲಕ್ಕೂ ಹುಬ್ಬಳ್ಳಿಯೇ ದಾರಿ. ಪುಣೆ–ಬೆಂಗಳೂರು ರಸ್ತೆ ಶಿಗ್ಗಾಂವಿಯನ್ನು ಹಾದು ಹೋಗುತ್ತಿತ್ತು. ಹೀಗಾಗಿ ಹುಬ್ಬಳ್ಳಿಗೆ ಬಂದ ಬೇನೆ ಈ ತಾಲೂಕುಗಳಿಗೂ ಬಂದಂತೆಯೇ, ಹುಬ್ಬಳ್ಳಿಗೆ ಬಂದ ಸರ್ಕಾರಿ ಹುಕುಮು ಇಲ್ಲಿಗೂ ಬಂದಂತೆಯೇ.

ಪ್ಲೇಗು ಮುಂಬಯಿಯಲ್ಲಿ ಪತ್ತೆಯಾದದ್ದು 1896ರ ಸೆಪ್ಟೆಂಬರಿನಲ್ಲಿ. 1897ರ ಫೆಬ್ರುವರಿ 4ರಂದು ಸಾಂಕ್ರಾಮಿಕ ರೋಗಗಳ ಕಾಯಿದೆ ಜಾರಿಗೆ ಬಂತು. ಬಹಳ ಚಿಕ್ಕ ಕಾಯಿದೆ, ಆದರೆ ಅದು ಕೊಟ್ಟ ಅಧಿಕಾರ ಚಿಕ್ಕದಲ್ಲ. ಮನೆ ಹೊಕ್ಕು ಶೋಧಿಸಬಹುದು, ರೋಗಿಯನ್ನು ಎತ್ತಿಕೊಂಡು ಹೋಗಬಹುದು, ಮನೆಮಂದಿಯನ್ನು ಊರಾಚೆಯ ಕ್ಯಾಂಪಿಗೆ ಅಟ್ಟಬಹುದು, ರೈಲಿನಿಂದ ಪ್ರಯಾಣಿಕರನ್ನು ಇಳಿಸಿ ತಡೆಹಿಡಿಯಬಹುದು. ಕಾಯಿದೆಯ ಪ್ರಕಾರ ನಡೆದ ಅಧಿಕಾರಿಯ ಮೇಲೆ ದಾವೆ ಹೂಡುವಂತಿಲ್ಲ. ಅದೇ ವರ್ಷ ಜೂನ್ 22ರಂದು ಪುಣೆಯ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸಹೋದರರು ಗುಂಡು ಹಾರಿಸಿದರು. ಮರುವರ್ಷ ಮುಂಬಯಿಯಲ್ಲಿ ದಂಗೆಯಾಯಿತು. ಮೈಸೂರು ಸಂಸ್ಥಾನದಲ್ಲಿ ಶ್ರೀರಂಗಪಟ್ಟಣದ ಪಕ್ಕದ ಗಂಜಾಂನಲ್ಲೂ ಜನ ತಿರುಗಿಬಿದ್ದರು.

ಇದನ್ನೆಲ್ಲ ಮೂಢನಂಬಿಕೆಯ ಖಾತೆಗೆ ಬರೆದು ಕೈತೊಳೆದುಕೊಳ್ಳುವುದು ಆ ಕಾಲದ ಸರ್ಕಾರಿ ವರದಿಗಳ ರೂಢಿ. ನಮ್ಮ ಕೆಲವು ಇತಿಹಾಸಕಾರರಿಗೂ ಆ ಚಾಳಿ ಬಿಟ್ಟಿಲ್ಲ. ಜನ ಏನನ್ನು ಒಲ್ಲೆಂದರು, ಏನನ್ನು ಒಲ್ಲೆನ್ನಲಿಲ್ಲ ಎಂದು ವಿಂಗಡಿಸಿ ನೋಡಿದರೆ ಬೇರೆಯೇ ಚಿತ್ರ ಕಾಣುತ್ತದೆ. ಒಕ್ಕಲುತನದ ಮನೆಯನ್ನು ಸುಗ್ಗಿಯ ಹೊತ್ತಿನಲ್ಲಿ ಕ್ಯಾಂಪಿಗೆ ಸಾಗಿಸಿದರೆ ಕಣದಲ್ಲಿನ ರಾಶಿ, ಕೊಟ್ಟಿಗೆಯ ಎತ್ತು, ಹಗೇವಿನ ಜೋಳ ಕಾಯುವವರು ಯಾರು? ಹೆಣವನ್ನು ತಡೆದು ತಪಾಸಣೆ ಮಾಡುವುದು, ಪರಗಂಡಸರು ಹೆಂಗಸರ ಕಂಕುಳು, ತೊಡೆಸಂದು ಮುಟ್ಟಿ ಗಡ್ಡೆ ಹುಡುಕುವುದು ಯಾವ ಜಾತಿಯವರಿಗೆ ಸಮ್ಮತವಾದೀತು? ಆಸ್ಪತ್ರೆಗೆ ಹೋದವರಲ್ಲಿ ಹೆಚ್ಚಿನವರು ಮರಳಿ ಬರುತ್ತಿರಲಿಲ್ಲ. ಆಗ ಪ್ಲೇಗಿಗೆ ಔಷಧವೇ ಇರಲಿಲ್ಲವಾದ್ದರಿಂದ ಅದರಲ್ಲಿ ವಿಶೇಷವೇನೂ ಇಲ್ಲ. ಆದರೆ ಊರಿನವರು ನೋಡಿದ್ದು ಗಾಡಿ ಹೋದದ್ದನ್ನು, ಬರಿಗಾಡಿ ಬಂದದ್ದನ್ನು.

ಇನ್ನೊಂದು ಸಂಗತಿಯನ್ನು ಒತ್ತಿ ಹೇಳಬೇಕು: ಸರ್ಕಾರದ ಶಾಸ್ತ್ರವೇ ಆಗ ಅರೆಬೆಂದಿತ್ತು. ರೋಗ ನೆಲದ ಹೊಲಸಿನಲ್ಲಿದೆ, ಮನುಷ್ಯರಿಂದ ಮನುಷ್ಯರಿಗೆ ಬಟ್ಟೆಬರೆಯ ಮೂಲಕ ಹೋಗುತ್ತದೆ ಎಂದು ತಿಳಿದು ಗೋಡೆಗೆ ಕಾರ್ಬಾಲಿಕ್ ನೀರು ಹೊಡೆದರು, ಹೆಂಚು ತೆಗೆಸಿ ಬಿಸಿಲು ಬಿಟ್ಟರು. 1898ರಲ್ಲೇ ಕರಾಚಿಯಲ್ಲಿ ಪಾಲ್ ಲೂಯಿ ಸಿಮೊಂಡ್ ಇಲಿಯ ಚಿಗಟವೇ ರೋಗ ಹರಡುತ್ತದೆ ಎಂದು ತೋರಿಸಿದರೂ ಸರ್ಕಾರ ನೇಮಿಸಿದ್ದ ಪ್ಲೇಗ್ ಆಯೋಗ ಅದನ್ನು ಒಪ್ಪಲಿಲ್ಲ. 1905ರ ನಂತರದ ಸಂಶೋಧನೆಗಳು ಸಿಮೊಂಡ್ ಹೇಳಿದ್ದೇ ಸರಿ ಎಂದವು. ಇಲಿ ಬಿದ್ದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುವ ಹಳ್ಳಿಗರ ಉಪಾಯ ಕಾರ್ಬಾಲಿಕ್ಕಿಗಿಂತ ಎಷ್ಟೋ ಮೇಲಾಗಿತ್ತು. ಊರು ಬಿಡಿಸುವುದನ್ನು ಸರ್ಕಾರವೂ ಮಾಡುತ್ತಿತ್ತು. ವ್ಯತ್ಯಾಸ ಒಂದೇ: ತಾನಾಗಿ ಹೋದವನ ಗುಡಿಸಲು ಅವನ ಹೊಲದಲ್ಲಿರುತ್ತಿತ್ತು, ಕ್ಯಾಂಪಿನ ಸುತ್ತ ಪೊಲೀಸರಿರುತ್ತಿದ್ದರು.

ಇನ್ನು ಸೂಜಿಯ ಕಥೆ. ವಾಲ್ಡೆಮಾರ್ ಹಾಫ್‌ಕಿನ್ ಮುಂಬಯಿಯಲ್ಲಿ ತಯಾರಿಸಿದ ಪ್ಲೇಗ್ ಲಸಿಕೆಯನ್ನು 1897ರ ಜನವರಿ 10ರಂದು ಮೊದಲು ತಾವೇ ಚುಚ್ಚಿಸಿಕೊಂಡರು. ಅದನ್ನು ದೊಡ್ಡ ಪ್ರಮಾಣದಲ್ಲಿ ಬಳಸಿದ ಊರುಗಳಲ್ಲಿ ಹುಬ್ಬಳ್ಳಿಗೆ ಮುಖ್ಯ ಸ್ಥಾನವಿದೆ. 1898ರ ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ, ಸುಮಾರು 50 ಸಾವಿರ ಜನವಸತಿಯ ಆ ಊರಿನಲ್ಲಿ ಸುಮಾರು 38 ಸಾವಿರ ಮಂದಿ ಚುಚ್ಚಿಸಿಕೊಂಡರು. ಉಸ್ತುವಾರಿ ಸೇನಾ ವೈದ್ಯ ಲ್ಯೂಮನ್ ಅವರದು. ಧಾರವಾಡ ಜಿಲ್ಲೆಯಲ್ಲಿ ಆಲಿಸ್ ಕಾರ್ಥಾರ್ನ್ ಎಂಬ ವೈದ್ಯೆಯೂ ಈ ಕೆಲಸದಲ್ಲಿದ್ದರು. ಹೆಂಗಸರಿಗೆ ಹೆಂಗಸೇ ಸೂಜಿ ಹಾಕುವುದು ಆ ಕಾಲಕ್ಕೆ ಸಣ್ಣ ಮಾತಲ್ಲ.

ಪುಣೆಯಲ್ಲಿ ಗುಂಡು ಹಾರಲು ಕಾರಣವಾದ ಬೇನೆಗೇ ಹುಬ್ಬಳ್ಳಿಯಲ್ಲಿ ಜನ ಸೂಜಿಗೆ ತೋಳು ಚಾಚಿದ್ದು ಹೇಗೆ? ಕಣ್ಣೆದುರಿನ ಸಾವು ಒಂದು ಕಾರಣ. ಅಷ್ಟೇ ಮುಖ್ಯವಾದ ಇನ್ನೊಂದು ಕಾರಣವನ್ನು ಹಾಫ್‌ಕಿನ್‌ರ ಗುಣಗಾನ ಮಾಡುವವರು ಮರೆಯುತ್ತಾರೆ: ಲಸಿಕೆಯ ದಾಖಲೆಚೀಟಿ ಇದ್ದವರಿಗೆ ಕ್ಯಾಂಪಿನಿಂದಲೂ ಪ್ರಯಾಣದ ತಡೆಯಿಂದಲೂ ವಿನಾಯಿತಿ ಇತ್ತು. ಎರಡು ದಿನ ಜ್ವರ, ತೋಳಿನ ನೋವು ತಿಂದರೆ ಅಂಗಡಿ ತೆರೆಯಬಹುದು, ಗಾಡಿ ಹೂಡಬಹುದು. ಪೂರ್ಣ ಸ್ವಇಚ್ಛೆ ಎಂದು ಇದನ್ನು ಕರೆಯಲು ನಾನು ಒಪ್ಪುವುದಿಲ್ಲ. ಬೆನ್ನ ಹಿಂದೆ ಕ್ಯಾಂಪು ನಿಂತೇ ಇತ್ತು. ಆದರೂ ಎರಡು ಕಷ್ಟಗಳನ್ನು ತೂಗಿ ಒಂದನ್ನು ಆರಿಸಿಕೊಂಡವರನ್ನು ಅಜ್ಞಾನಿಗಳೆನ್ನಲಾಗದು.

ಹುಬ್ಬಳ್ಳಿ, ಧಾರವಾಡದ ಅಂಕಿಗಳನ್ನು ಪ್ಲೇಗ್ ಆಯೋಗ ಪೂರ್ತಿ ನಂಬಲಿಲ್ಲ, ಲಸಿಕೆಯಿಂದ ಸಾವು ಕಡಿಮೆಯಾಗುತ್ತದೆ ಎಂಬುದನ್ನು ಮಾತ್ರ ಒಪ್ಪಿತು. 1902ರಲ್ಲಿ ಪಂಜಾಬಿನ ಮುಲ್ಕೋವಾಲ್‌ನಲ್ಲಿ ಒಂದೇ ಬಾಟಲಿಯ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ಹಾಫ್‌ಕಿನ್ ಹುದ್ದೆ ಕಳೆದುಕೊಂಡರು. ತಪ್ಪು ಅವರ ಪ್ರಯೋಗಾಲಯದ್ದಲ್ಲ ಎಂದು ಸಾಬೀತಾಗಲು 1907ರವರೆಗೆ ಕಾಯಬೇಕಾಯಿತು. ಅಂಥ ಸುದ್ದಿ ಕೇಳಿ ತೋಳು ಹಿಂದಕ್ಕೆಳೆದುಕೊಂಡವರನ್ನು ಬೈಯಬೇಕೆ?

ಎರಡನೆಯ ಅಧ್ಯಾಯ ಮಲೇರಿಯಾದ್ದು. ಇದಕ್ಕೆ ಹುಬ್ಬಳ್ಳಿಯ ಮಧ್ಯಸ್ಥಿಕೆ ಬೇಕಿರಲಿಲ್ಲ. ಹಾನಗಲ್ಲಿನ ಪಡುವಣ ಸೀಮೆ ಮಲೆನಾಡಿನ ಅಂಚು: ಕೆರೆ, ಭತ್ತದ ಗದ್ದೆ, ಸೊಳ್ಳೆ, ಚಳಿಜ್ವರ. 1946ರಲ್ಲಿ ಮಲೇರಿಯಾ ತಜ್ಞರಾದ ಡಿ. ಕೆ. ವಿಶ್ವನಾಥನ್ ಮತ್ತು ಟಿ. ರಾಮಚಂದ್ರ ರಾವ್ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಹಳ್ಳಿಮನೆಗಳ ಒಳಗೋಡೆಗಳಿಗೆ ಡಿಡಿಟಿ ಹೊಡೆಸುವ ದೊಡ್ಡ ಪ್ರಯೋಗಕ್ಕೆ ಕೈಹಾಕಿದರು. ಮಕ್ಕಳ ಹೊಟ್ಟೆ ಒತ್ತಿ, ಮಲೇರಿಯಾದಿಂದ ಬಾಯುವ ಗುಲ್ಮದ ಗಾತ್ರ ನೋಡಿ ಫಲವನ್ನು ಅಳೆದರು. ಫಲ ಬೇಗ ಕಂಡಿತು. 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮಕ್ಕೆ ದಾರಿ ತೋರಿಸಿದ ಪ್ರಯೋಗಗಳಲ್ಲಿ ಇದೂ ಒಂದು.

ಇಲ್ಲಿ ಯಾರನ್ನೂ ಮನೆಯಿಂದ ಎಬ್ಬಿಸಲಿಲ್ಲ. ಪಾತ್ರೆಪಗಡ, ಕಾಳುಕಡಿ ಒಂದು ಹೊತ್ತು ಅಂಗಳಕ್ಕೆ ತಂದಿಟ್ಟರೆ ಆಯಿತು. ಸೊಳ್ಳೆಯ ಜೊತೆಗೆ ತಗಣೆಯೂ ಸಾಯುವಷ್ಟು ಕಾಲ ಡಿಡಿಟಿಯವರಿಗೆ ಎಲ್ಲೆಡೆ ಬಾಗಿಲು ತೆರೆದಿತ್ತು. ಮುಂದೆ ತಗಣೆ ಡಿಡಿಟಿಗೆ ಜಗ್ಗದಾದಾಗ ದೇಶದ ಹಲವೆಡೆ ಜನ ಬೇಡವೆನ್ನತೊಡಗಿದರು. ಹಬ್ಬಕ್ಕೆ ಗೋಡೆ ಸಾರಿಸಿದರೆ ಔಷಧ ಮಣ್ಣಿನಡಿ ಮುಚ್ಚಿಹೋಗುತ್ತಿತ್ತು, ಅದು ವಿರೋಧವೇನಲ್ಲ, ಮನೆವಾರ್ತೆ. ನಿಗಾ ಸಡಿಲವಾಯಿತು, ಸೊಳ್ಳೆಗಳೂ ಒಗ್ಗಿಕೊಂಡವು. 1976ರಲ್ಲಿ ದೇಶದಲ್ಲಿ 64 ಲಕ್ಷ ಮಲೇರಿಯಾ ಪ್ರಕರಣಗಳು ದಾಖಲಾದವು.

ಹಾಗೆಂದು ಸುಧಾರಣೆಯೇ ಬೇಡವಾಗಿತ್ತು ಎಂದು ವಾದಿಸುವವರ ಸಾಲಿನಲ್ಲಿ ನಾನಿಲ್ಲ. ಊರವರನ್ನು ಅವರ ಪಾಡಿಗೆ ಬಿಟ್ಟಿದ್ದರೆ ಗುಡಿಸಲು ಹಾಕಲು ಸ್ವಂತ ಹೊಲವೇ ಇಲ್ಲದ ಕೂಲಿಯವನು ಇಲಿ ಬಿದ್ದ ಮನೆಯಲ್ಲೇ ಉಳಿಯುತ್ತಿದ್ದ. ಗುಲ್ಮ ಬಾತ ಮಗುವಿಗೆ ಮನೆಮದ್ದು ನಾಟುತ್ತಿರಲಿಲ್ಲ. ಸರ್ಕಾರ ಬರಲೇಬೇಕಿತ್ತು. ಅದು ಬಂದಾಗಲೆಲ್ಲ ಜನ ಕೇಳಿದ್ದು ಒಂದೇ: ಇದರ ನಷ್ಟ ಯಾರ ತಲೆಗೆ?

2017ರಲ್ಲಿ ಈ ಪ್ರಶ್ನೆ ತಿರುವುಮುರುವಾಯಿತು. ಆರೋಗ್ಯ ಸಚಿವ ಕೆ. ಆರ್. ರಮೇಶ್ ಕುಮಾರ್ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯಿದೆಗೆ ತಿದ್ದುಪಡಿ ತಂದಾಗ ಬೀದಿಗಿಳಿದವರು ರೋಗಿಗಳಲ್ಲ, ವೈದ್ಯರು. ನವೆಂಬರಿನಲ್ಲಿ ರಾಜ್ಯದಾದ್ಯಂತ ಖಾಸಗಿ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ಮುಚ್ಚಿದವು. ತಿದ್ದುಪಡಿಯಲ್ಲಿದ್ದ, ಜಿಲ್ಲಾ ಮಟ್ಟದಲ್ಲಿ ದೂರು ಕೇಳುವ ಪ್ರಾಧಿಕಾರದ ಅಗತ್ಯವನ್ನು ಹಾವೇರಿ ಜಿಲ್ಲೆಯವರಿಗೆ ವಿವರಿಸಬೇಕಿಲ್ಲ. ರಾಣೆಬೆನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಅನಗತ್ಯವಾಗಿ ಗರ್ಭಕೋಶ ತೆಗೆದರೆಂದು ಆರೋಪಿಸಿ, ಲಂಬಾಣಿ ತಾಂಡಾಗಳ ಹೆಣ್ಣುಮಕ್ಕಳು ವರ್ಷಗಟ್ಟಲೆ ಪರಿಹಾರಕ್ಕಾಗಿ ಹೋರಾಡಿದ್ದಾರೆ. ಬಸವರಾಜ ಬೊಮ್ಮಾಯಿ ಮುಖ್ಯಮಂತ್ರಿಯಾಗಿದ್ದಾಗ ಅವರ ಕ್ಷೇತ್ರವಾದ ಶಿಗ್ಗಾಂವಿಯ ಕಡೆಗೂ ಹೆಜ್ಜೆ ಹಾಕಿದ್ದಾರೆ. ರಾಣೆಬೆನ್ನೂರಿನದು ಸರ್ಕಾರಿ ಆಸ್ಪತ್ರೆ, ಕಾಯಿದೆ ಖಾಸಗಿಯವರಿಗೆ. ಹಾಗಾಗಿ ಈ ತಿದ್ದುಪಡಿ ಆ ಹೆಣ್ಣುಮಕ್ಕಳ ಕೈಗೆಟುಕುವುದೂ ಇಲ್ಲ.

ಕೊನೆಗೆ ಅಂಗೀಕಾರವಾದ ತಿದ್ದುಪಡಿಯಲ್ಲಿ ರೋಗಿಯ ಹಕ್ಕುಗಳ ಪಟ್ಟಿ ಉಳಿಯಿತು, ಬಾಕಿ ಹಣಕ್ಕಾಗಿ ಹೆಣ ತಡೆಯಬಾರದೆಂಬ ನಿಯಮವೂ ಉಳಿಯಿತು. ದರ ನಿಗದಿಯ ಅಧಿಕಾರ ಮಾತ್ರ ಸರ್ಕಾರಿ ಯೋಜನೆಗಳಡಿ ದಾಖಲಾಗುವವರಿಗೆ ಸೀಮಿತಗೊಂಡಿತು. ಹಿರೇಕೆರೂರಿನಿಂದ ಬಾಡಿಗೆ ಗಾಡಿಯಲ್ಲಿ ದಾವಣಗೆರೆಗೋ ಹುಬ್ಬಳ್ಳಿಗೋ ಹೋಗಿ, ಯಾವ ಕಾರ್ಡೂ ನಡೆಯದೆ ಕೈಯಿಂದ ರೊಕ್ಕ ಕಟ್ಟುವ ರೋಗಿ ಆ ದರದ ಹೊರಗೇ ಇದ್ದಾನೆ.